ಪುಸ್ತಕದೊಳಗಿನ ಆ ಮನುಷ್ಯ ಯಾರು?

ಈ ಸಲದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ಸ್ನೇಹಿತರೊಬ್ಬರ ಎಂಟು ವರ್ಷದ ಮಗಳು ಲೈಬ್ರರಿ ಪುಸ್ತಕವೊಂದನ್ನು ನನ್ನ ಮುಂದೆ ಹಿಡಿದಳು. ಹಾಳೆ ತಿರುವಿದಂತೆಲ್ಲ ಚರ್ಮ, ಸ್ನಾಯು, ಕರುಳು ಕಳಚುತ್ತ ಕೊನೆಗೆ ಮೂಳೆ ಮಾತ್ರ ಉಳಿಯುವಂಥ ಪುಸ್ತಕ. "ಅಂಕಲ್, ಇದು ಯಾರು?" ಎಂದಳು. "ಯಾರೂ ಅಲ್ಲಮ್ಮ, ಬರೀ ಚಿತ್ರ" ಎಂದೆ. ಮನೆಗೆ ಬಂದ ಮೇಲೆ ಸುಳ್ಳು ಹೇಳಿದೆನೇನೋ ಅನ್ನಿಸಿತು.

ಇಂಥ ಪುಸ್ತಕಗಳ ಮುತ್ತಜ್ಜನೆನ್ನಬಹುದಾದ 'ಗ್ರೇಸ್ ಅನಾಟಮಿ' ಲಂಡನ್ನಿನಲ್ಲಿ ಅಚ್ಚಾದದ್ದು 1858ರಲ್ಲಿ. ಬರೆದವನು ಹೆನ್ರಿ ಗ್ರೇ. ಚಿತ್ರ ಬಿಡಿಸಿದವನು ಹೆನ್ರಿ ವಾಂಡೈಕ್ ಕಾರ್ಟರ್. ಈತ ಅದೇ ವರ್ಷ ಮುಂಬಯಿಗೆ ಹೋಗಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ, ಕುಷ್ಠರೋಗದ ಬಗ್ಗೆ ದುಡಿದ. ಇಬ್ಬರ ಹೆಸರೂ ಉಳಿದಿದೆ. ಮೇಜಿನ ಮೇಲೆ ಮಲಗಿದ್ದವರ ಹೆಸರು ಎಲ್ಲೂ ಇಲ್ಲ. 1832ರ ಕಾಯ್ದೆಯ ಪ್ರಕಾರ, ಬಡವರ ಆಶ್ರಯಗಳಲ್ಲಿ ಸತ್ತು ಯಾರೂ ಕೇಳಿಕೊಂಡು ಬಾರದ ಹೆಣಗಳು ಅಂಗರಚನಾ ಶಾಲೆಗಳಿಗೆ ಹೋಗುತ್ತಿದ್ದವು.

ಇದು ಬಡತನದ ಕಥೆಯಾಯಿತು. ವಿಯೆನ್ನಾದ ಪೆರ್ನ್‌ಕೋಫ್ ಅಟ್ಲಾಸಿನದು ಇನ್ನೂ ಕರಾಳ. ಅದರ ಮೊದಲ ಸಂಪುಟ ಬಂದದ್ದು 1937ರಲ್ಲಿ. ಕರ್ತೃ ನಾಜಿ ಪಕ್ಷದವನು. ಚಿತ್ರಕಾರನೊಬ್ಬ ತನ್ನ ಸಹಿಯ ಜೊತೆಗೇ ಸ್ವಸ್ತಿಕ ಬಿಡಿಸುತ್ತಿದ್ದ. 1990ರ ದಶಕದ ಕೊನೆಯಲ್ಲಿ ಆ ವಿಶ್ವವಿದ್ಯಾಲಯವೇ ತನಿಖೆ ಮಾಡಿಸಿದಾಗ, ನಾಜಿ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದ ಕನಿಷ್ಠ 1,377 ಜನರ ಶವಗಳು ಅಲ್ಲಿಯ ಅಂಗರಚನಾ ವಿಭಾಗಕ್ಕೆ ಬಂದದ್ದು ತಿಳಿಯಿತು. ನಾಜಿಗಳನ್ನು ವಿರೋಧಿಸಿದ್ದೇ ಅವರಲ್ಲಿ ಅನೇಕರ ಅಪರಾಧ. ಆದರೆ ಚಿತ್ರಗಳೋ, ಅಷ್ಟು ಚೆನ್ನಾದವು ಬೇರೆ ಸಿಗುವುದು ಕಷ್ಟ. ನನ್ನ ರೆಸಿಡೆನ್ಸಿ ಕಾಲದ ಒಬ್ಬ ಸರ್ಜನ್ ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಸೂಕ್ಷ್ಮ ನರದ ಕೆಲಸವಿದ್ದ ಹಿಂದಿನ ರಾತ್ರಿ ಮಾತ್ರ ತೆಗೆಯುತ್ತಿದ್ದರು, ನೋಡಿ ಮತ್ತೆ ಬೀಗ ಹಾಕುತ್ತಿದ್ದರು.

ತೆಗೆಯಬಹುದೇ? ಬಾಲ್ಯದಲ್ಲಿ ನಾಜಿ ಶಿಬಿರದಿಂದ ಬದುಕಿ ಬಂದ ಯಹೂದಿ ಧರ್ಮಗುರು ಜೋಸೆಫ್ ಪೋಲಾಕ್ 2017ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಜೀವ ಉಳಿಸಲು ಬಳಸಬಹುದು, ಆದರೆ ಚಿತ್ರಗಳ ಮೂಲವನ್ನು ಎಲ್ಲರಿಗೂ ತಿಳಿಸಬೇಕು. ನನಗೂ ಇದೇ ಸರಿಯೆನಿಸುತ್ತದೆ. ಆಪರೇಷನ್ ಮೇಜಿನ ಮೇಲಿರುವ ರೋಗಿ ಏನು ತಪ್ಪು ಮಾಡಿದ್ದಾನೆ? ಆದರೆ ಬೀರುವಿನ ಬೀಗ ಮಾತ್ರ ನನಗೆ ಒಪ್ಪಿಗೆಯಿಲ್ಲ.

ವಿಯೆನ್ನಾದ ಕಡೆ ಬೆರಳು ತೋರಿಸುವುದು ಸುಲಭ. ನಮ್ಮ ಡಿಸೆಕ್ಷನ್ ಹಾಲಿನಲ್ಲಿ ಎಂಟು ಜನ ಹುಡುಗರಿಗೆ ಒಂದು ಹೆಣ. ಸರ್ಕಾರಿ ಆಸ್ಪತ್ರೆಯಿಂದ ಬಂದ ಅನಾಥ ಶವ. ಅದಕ್ಕೊಂದು ಸಿನಿಮಾ ನಟನ ಹೆಸರಿಟ್ಟು ನಗುತ್ತಿದ್ದೆವು. ಕೈಯ ಮೇಲೆ ಹಚ್ಚೆಯಿತ್ತು, ಎರಡು ಕನ್ನಡ ಅಕ್ಷರ. ಹೆಂಡತಿಯ ಹೆಸರೋ, ತಾಯಿಯದೋ? ಪರೀಕ್ಷೆಯಲ್ಲಿ ಕೇಳುವ ನರಗಳ ಹೆಸರೆಲ್ಲ ಬಾಯಿಪಾಠ ಮಾಡಿದ ನಾನು ಆ ಎರಡಕ್ಷರ ಮರೆತಿದ್ದೇನೆ. ಚರ್ಮ ಬಿಡಿಸಿದ್ದು ನಾನೇ.

ಇಲ್ಲಿಯ ವಿಶ್ವವಿದ್ಯಾಲಯದ ದೇಹದಾನದ ಫಾರಂ ಐದು ವರ್ಷದಿಂದ ನನ್ನ ಡ್ರಾಯರಿನಲ್ಲಿದೆ. "ಬೂದಿಯನ್ನಾದರೂ ಕಾವೇರಿಗೆ ಬಿಡುವುದು ಬೇಡವೇ?" ಎನ್ನುತ್ತಾಳೆ ನನ್ನವಳು. ಪಾಠ ಮುಗಿದ ಮೇಲೆ ಅವರೇ ದಹನ ಮಾಡಿ ಬೂದಿ ಕೊಡುತ್ತಾರೆ ಎಂದೆ. "ಅಲ್ಲಿಯವರೆಗೆ ನಾನೂ ಮಕ್ಕಳೂ ಕಾಯುತ್ತ ಕೂರಬೇಕೇ?" ಎಂದಳು. ಅದೂ ನಿಜವೇ. ಫಾರಮ್ಮಿನಲ್ಲಿ ಹೆಸರು ಬರೆದಿದ್ದೇನೆ, ಸಹಿ ಇನ್ನೂ ಹಾಕಿಲ್ಲ.

ಆ ಪುಟಾಣಿಯ ಅಪ್ಪ ಅಮ್ಮ ಈ ಪತ್ರಿಕೆ ಓದುತ್ತಾರೆ. ಅಂದು ಅಂಕಲ್ ಕೊಟ್ಟ ಉತ್ತರ ತಪ್ಪು ಎಂದು ಅವಳಿಗೆ ದಯವಿಟ್ಟು ತಿಳಿಸಿ.