ಇನ್ನೊಬ್ಬರ ಕಣ್ಣಿನಿಂದ ಕಂಡ ಸತ್ಯ

ಪತ್ತೇದಾರಿ ಕಾದಂಬರಿಯನ್ನು ದರ್ಶನಶಾಸ್ತ್ರದ ಪಕ್ಕದಲ್ಲಿಟ್ಟು ಓದುವ ರೂಢಿ ನಮ್ಮಲ್ಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದಲೇ ಓದಿನ ರುಚಿ ಹತ್ತಿಸಿಕೊಂಡ ತಲೆಮಾರು ಕೂಡ ಆ ಪುಸ್ತಕಗಳನ್ನು ಹೊತ್ತು ಕಳೆಯುವ ಸಾಮಗ್ರಿ ಎಂದೇ ಬದಿಗಿಟ್ಟಿತು. ಆದರೆ ಪತ್ತೇದಾರನ ಮುಂದಿರುವ ಪ್ರಶ್ನೆಯೂ ನಮ್ಮ ದಾರ್ಶನಿಕರು ಪ್ರಮಾಣವಿಚಾರದಲ್ಲಿ ಎತ್ತುವ ಪ್ರಶ್ನೆಯೂ ಒಂದೇ: ನನಗೆ ತಿಳಿದದ್ದು ನಿಜ ಎಂದು ನಾನು ಯಾವುದರ ಬಲದಿಂದ ಹೇಳುತ್ತೇನೆ? ಅಮೆರಿಕದ ರೆಕ್ಸ್ ಸ್ಟೌಟ್ 1934ರಲ್ಲಿ ಪ್ರಕಟಿಸಿದ ‘ಫೆರ್ ದ ಲಾನ್ಸ್’ ಕಾದಂಬರಿ ಈ ಪ್ರಶ್ನೆಯನ್ನು ಬಹಳ ತೀವ್ರವಾದ ರೂಪದಲ್ಲಿ ಮುಂದಿಡುತ್ತದೆ. ಅಲ್ಲಿರುವುದು ಯಾವ ಬಗೆಯಲ್ಲೂ ಒಂದಕ್ಕೊಂದು ಹೊಂದದ ಜೋಡಿ. ನೀರೋ ವೂಲ್ಫ್ ಭಾರೀ ಮೈಯವನು, ಆರ್ಕಿಡ್ ಬೆಳೆಸುವವನು, ಕೆಲಸಕ್ಕಾಗಿ ನ್ಯೂಯಾರ್ಕಿನ ತನ್ನ ಮನೆಯ ಹೊಸ್ತಿಲು ದಾಟಲು ಒಪ್ಪದವನು. ಆರ್ಚಿ ಗುಡ್ವಿನ್ ಚುರುಕಾದ ತರುಣ; ಊರೆಲ್ಲ ಸುತ್ತಿ, ಜನರನ್ನು ಮಾತಾಡಿಸಿ, ಕೇಳಿದ್ದನ್ನು ಒಂದಕ್ಷರವೂ ತಪ್ಪದಂತೆ ಬಂದು ಒಪ್ಪಿಸುವವನು. ಕಾಲೇಜಿನ ಅಧ್ಯಕ್ಷನೊಬ್ಬ ಗಾಲ್ಫ್ ಮೈದಾನದಲ್ಲಿ ಕುಸಿದು ಸಾಯುತ್ತಾನೆ. ಗಾಲ್ಫ್ ಕೋಲಿನೊಳಗಿಂದ ಸಿಡಿದ ವಿಷದ ಸೂಜಿ ಅದಕ್ಕೆ ಕಾರಣವೆಂದು ವೂಲ್ಫ್ ತನ್ನ ಕುರ್ಚಿಯಲ್ಲಿ ಕೂತೇ ಹೇಳುತ್ತಾನೆ. ಮೈದಾನವನ್ನು ಅವನು ನೋಡಿಲ್ಲ, ಹೆಣವನ್ನೂ ನೋಡಿಲ್ಲ. ಅವನಿಗಿರುವುದು ಮಾತು ಮಾತ್ರ. ಹಾಗೆ ತಿಳಿದದ್ದನ್ನು ಜ್ಞಾನ ಎನ್ನಬಹುದೇ, ಇಲ್ಲವೇ ಅದೃಷ್ಟಕ್ಕೆ ಸರಿಹೋದ ನಂಬಿಕೆ ಎನ್ನಬೇಕೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಶಿರಸಿ ತಾಲ್ಲೂಕಿನ ಸೋಂದೆಗಿಂತ ತಕ್ಕ ಜಾಗ ಸಿಗಲಾರದು. ಶಂಕರರ ಪರಂಪರೆಯ ಸ್ವರ್ಣವಲ್ಲೀ ಮಠ, ಉಡುಪಿಯ ಅಷ್ಟಮಠಗಳಲ್ಲೊಂದಾದ ವಾದಿರಾಜರ ಮಠ, ಅಕಲಂಕರ ಹೆಸರು ಹೊತ್ತ ಪರಂಪರೆಯ ಸ್ವಾದಿ ಜೈನಮಠ, ಈ ಮೂರೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಜಗತ್ತು ನಿಜವೇ, ಜೀವ ಮತ್ತು ಬ್ರಹ್ಮ ಒಂದೇ, ದೇವರು ಸೃಷ್ಟಿಕರ್ತನೇ ಎಂಬ ಯಾವ ಮುಖ್ಯ ಪ್ರಶ್ನೆಯಲ್ಲೂ ಮೂವರೂ ಒಟ್ಟಿಗೆ ನಿಲ್ಲುವುದಿಲ್ಲ. ಜ್ಞಾನದ ಸಾಧನಗಳಾದ ಪ್ರಮಾಣಗಳ ಲೆಕ್ಕದಲ್ಲೂ ಭೇದವಿದೆ: ಅದ್ವೈತಿಗಳು ಆರು ಹೇಳಿದರೆ ದ್ವೈತಿಗಳು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೆ ನಿಲ್ಲಿಸುತ್ತಾರೆ; ಜೈನರು ಪ್ರತ್ಯಕ್ಷ ಮತ್ತು ಪರೋಕ್ಷ ಎಂದು ಎರಡೇ ಎನ್ನುತ್ತಾರೆ, ಆಗಮವನ್ನು ಪರೋಕ್ಷದ ಐದು ಬಗೆಗಳಲ್ಲಿ ಒಂದಾಗಿ ಇರಿಸುತ್ತಾರೆ. ಇಷ್ಟು ಭಿನ್ನವಾದ ಮೂರು ದರ್ಶನಗಳು ಒಂದು ಮಾತಿಗೆ ಮಾತ್ರ ತಲೆದೂಗುತ್ತವೆ: ನಂಬಲರ್ಹನಾದವನ ಮಾತಿನಿಂದ ನಿಜವಾದ ಜ್ಞಾನ ಹುಟ್ಟುತ್ತದೆ. ವೇದ ಯಾರ ಮಾತು, ಅದಕ್ಕೆ ಕರ್ತೃವಿದ್ದಾನೆಯೇ ಎಂಬ ದೊಡ್ಡ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ನನ್ನ ವಿಷಯ ಮನುಷ್ಯ ಮನುಷ್ಯನಿಗೆ ಹೇಳುವ ಮಾತು.

ವೈಶೇಷಿಕರೂ ಬೌದ್ಧ ತಾರ್ಕಿಕರೂ ಈ ಮಾತನ್ನು, ಅಂದರೆ ಶಬ್ದವನ್ನು, ಬೇರೆಯೇ ಪ್ರಮಾಣವೆಂದು ಒಪ್ಪುವುದಿಲ್ಲ. ಅವರ ಆಕ್ಷೇಪ ಹಗುರವಾದದ್ದಲ್ಲ. ಆರ್ಚಿ ಹಿಂದೆ ಹೇಳಿದ್ದೆಲ್ಲ ನಿಜವಾಗಿತ್ತು, ಆದ್ದರಿಂದ ಇಂದು ಹೇಳಿದ್ದೂ ನಿಜವಿರಬೇಕು ಎಂದು ವೂಲ್ಫ್ ಊಹಿಸುತ್ತಾನೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆಯೇ ಇದೂ ಅನುಮಾನ, ಶಬ್ದವೆಂಬ ಬೇರೆ ಪ್ರಮಾಣ ಬೇಕಿಲ್ಲ ಎಂಬುದು ಅವರ ವಾದ. ಆದರೆ ಆರ್ಚಿ ಹಿಂದೆ ಹೇಳಿದ್ದು ನಿಜವಾಗಿತ್ತು ಎಂದು ವೂಲ್ಫ್‌ಗೆ ತಿಳಿದದ್ದಾದರೂ ಹೇಗೆ? ಪೊಲೀಸರು ಹೇಳಿದರು, ಪತ್ರಿಕೆಯಲ್ಲಿ ಬಂತು, ಆರೋಪಿ ಒಪ್ಪಿಕೊಂಡ. ಒಂದು ಮಾತನ್ನು ತೂಗಿದ್ದು ಮತ್ತೊಂದು ಮಾತಿನಿಂದಲೇ. ಹಿಂದೆ ಹೋದಷ್ಟೂ ಇನ್ನೊಬ್ಬರ ಮಾತೇ ಸಿಗುತ್ತದೆ, ಅದನ್ನೆಲ್ಲ ಕಳಚಿಟ್ಟ ಶುದ್ಧ ಅನುಮಾನದ ನೆಲ ಸಿಗುವುದಿಲ್ಲ. ನಾವು ಹುಟ್ಟಿದ ದಿನ, ನಮ್ಮ ತಾಯಿತಂದೆ ಯಾರೆಂಬುದು, ನಾವು ಆಡುವ ಪದಗಳ ಅರ್ಥ, ಇವನ್ನು ಯಾರೂ ಊಹಿಸಿ ತಿಳಿದಿಲ್ಲ. ಊಹಿಸುವ ಶಕ್ತಿ ಬರುವ ಮೊದಲೇ ಕೇಳಿ ತಿಳಿದಿದ್ದೇವೆ.

ಹಾಗಾದರೆ ಯಾರನ್ನು ನಂಬಬೇಕು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ, ಅಂದರೆ ನಂಬಲರ್ಹನಿಗೆ, ಇಡುವ ಕಟ್ಟಳೆ ಸರಳವಾದದ್ದು: ಅವನು ವಿಷಯವನ್ನು ನೇರವಾಗಿ ಬಲ್ಲವನಾಗಿರಬೇಕು, ಕಂಡಂತೆ ಹೇಳುವ ಇಚ್ಛೆಯಿಂದ ಹೇಳಬೇಕು. ಇದಕ್ಕೆ ಅವನು ಸೇರಿಸುವ ಮಾತೊಂದಿದೆ. ಈ ಲಕ್ಷಣ ಋಷಿಗೆ, ಆರ್ಯನಿಗೆ, ಮ್ಲೇಚ್ಛನಿಗೆ ಸಮಾನ. ನಮ್ಮ ಇಡೀ ತರ್ಕಪರಂಪರೆಯಲ್ಲಿ ಇಷ್ಟು ಉದಾರವಾದ ಮಾತು ಅಪರೂಪ. ಅದನ್ನು ಓದಿದವರು ಬಹಳ, ಪಾಲಿಸಿದವರು ಕಡಿಮೆ. ಸ್ಟೌಟನ ಕಾದಂಬರಿಯಲ್ಲಿ ರಹಸ್ಯದ ಮೊದಲ ಎಳೆ ಸಿಗುವುದು ಬಾಡಿಗೆ ಕೋಣೆಗಳ ಮನೆಯೊಂದರಲ್ಲಿ ಕಸಮುಸುರೆ ಮಾಡುವ ಅನ್ನಾ ಫಿಯೋರೆ ಎಂಬ ಹುಡುಗಿಯಿಂದ. ಕಾಣೆಯಾದ ಇಟಲಿಯ ಲೋಹದ ಕೆಲಸಗಾರ ಪತ್ರಿಕೆಯೊಂದರ ತುಣುಕು ಕತ್ತರಿಸಿಕೊಂಡದ್ದು ಆಕೆಗೆ ಗೊತ್ತು. ಆಕೆ ಕಲಿತವಳಲ್ಲ, ಆಕೆಯ ಮಾತಿಗೆ ಯಾರೂ ಬೆಲೆ ಕೊಟ್ಟವರಲ್ಲ. ವೂಲ್ಫ್ ಆಕೆಯ ಮುಂದೆ ಗಂಟೆಗಟ್ಟಲೆ ಕೂತು ಕೇಳುತ್ತಾನೆ. ಯಲ್ಲಾಪುರದ ಕಾಡಂಚಿನ ಸಿದ್ದಿಗಳ ವಿಷಯದಲ್ಲೂ ಪ್ರಶ್ನೆ ಇದೇ. ಆಫ್ರಿಕಾದಿಂದ ಬಂದ ಪೂರ್ವಜರ ಕತೆಯನ್ನು ಅವರು ಬಹುಮಟ್ಟಿಗೆ ಹಿರಿಯರ ಬಾಯಿಂದ ಕೇಳಿ ಉಳಿಸಿಕೊಂಡರು. ಮೊದಲು ಹೇಳಿದವರು ಯಾರೆಂದು ತಿಳಿಯದೆ ಕೈದಾಟಿ ಬಂದ ಮಾತನ್ನು ಪೌರಾಣಿಕರು ಐತಿಹ್ಯವೆಂಬ ಬೇರೆ ಪ್ರಮಾಣ ಎಂದರು. ನೈಯಾಯಿಕರು ಅದನ್ನು ಶಬ್ದದೊಳಗೇ ಸೇರಿಸಿದರು. ಹಾಗೆ ಸೇರಿಸಿದ ಮೇಲೆ ಮಠದ ಐತಿಹ್ಯವನ್ನೂ ಸಿದ್ದಿ ಅಜ್ಜಿಯ ಐತಿಹ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ಒಂದನ್ನು ಇತಿಹಾಸವೆಂದೂ ಇನ್ನೊಂದನ್ನು ಕಟ್ಟುಕತೆಯೆಂದೂ ತೂಗುವ ಮೊದಲೇ ತೀರ್ಮಾನಿಸಿದರೆ ಅದು ಪ್ರಮಾಣವಿಚಾರವಾಗುವುದಿಲ್ಲ.

ಕೋರ್ಟುಗಳು ಕೇಳಿ ಹೇಳಿದ ಮಾತನ್ನು ಸಾಕ್ಷ್ಯವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲವಲ್ಲ ಎಂದು ಕೇಳಬಹುದು. 1872ರ ಸಾಕ್ಷ್ಯ ಕಾಯ್ದೆ ಹೀಗೇ ಹೇಳುತ್ತಿತ್ತು: ಕಂಡದ್ದಕ್ಕೆ ಕಂಡವನೇ ಬಂದು ಸಾಕ್ಷಿ ನುಡಿಯಬೇಕು. ಆದರೆ ಆ ನಿಯಮ ಶಬ್ದವನ್ನು ತಳ್ಳಿಹಾಕುವುದಿಲ್ಲ, ವಾತ್ಸ್ಯಾಯನನ ಮೊದಲ ಕಟ್ಟಳೆಯನ್ನೇ ಜಾರಿಗೆ ತರುತ್ತದೆ. ಸಿದ್ದಾಪುರದ ಕೋರ್ಟಿನಲ್ಲಿ ಕೂತ ನ್ಯಾಯಾಧೀಶರು ಘಟನೆಯನ್ನು ಕಣ್ಣಾರೆ ಕಂಡವರಲ್ಲ. ಅವರ ಮುಂದಿರುವುದು ಬಹುತೇಕ ಮಾತು ಮತ್ತು ಬರೆದಿಟ್ಟ ಮಾತು. ಕೂತಲ್ಲಿಂದಲೇ ತಿಳಿಯುವ ವೂಲ್ಫನ ಸ್ಥಿತಿಯೇ ಅವರದ್ದೂ.

ವೂಲ್ಫ್ ಮತ್ತು ಆರ್ಚಿಯ ಜೋಡಿಯನ್ನು ನೋಡಿದಾಗ ಸಾಂಖ್ಯರ ಕುರುಡ-ಕುಂಟರ ದೃಷ್ಟಾಂತ ನೆನಪಾಗುವುದು ಸಹಜ. ಒಬ್ಬನದು ಕಣ್ಣು, ಒಬ್ಬನದು ಕಾಲು. ಆದರೆ ಅದು ಇಲ್ಲಿ ಕೂಡುವುದಿಲ್ಲ, ಏಕೆಂದರೆ ಆರ್ಚಿ ಬರೀ ಕಾಲಲ್ಲ. ನಡೆಯುವವನೂ ಅವನೇ, ನೋಡುವವನೂ ಅವನೇ. ಹೆಚ್ಚು ಹತ್ತಿರದ್ದು ಅದ್ವೈತಿಗಳು ಹೇಳುವ ಹತ್ತನೆಯವನ ಕತೆ. ಹೊಳೆ ದಾಟಿದ ಹತ್ತು ಮಂದಿ ಎಣಿಸುತ್ತಾರೆ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟೇ ಎಣಿಸಿ ಒಂಬತ್ತೇ ಎಂದು ಅಳುತ್ತಾನೆ. ದಾರಿಹೋಕನೊಬ್ಬ ಬಂದು ಹತ್ತನೆಯವನು ನೀನೇ ಎನ್ನುತ್ತಾನೆ. ಕಣ್ಣಿದ್ದೂ, ಲೆಕ್ಕ ಬಂದೂ ಸಿಗದ ಸತ್ಯ ಮಾತೊಂದರಿಂದ ಆ ಕ್ಷಣವೇ ಸಿಗುತ್ತದೆ. ಇದನ್ನು ಹೇಳಲು ಗುಂಪಿನ ಹೊರಗಿನವನೇ ಬೇಕಾಯಿತು. ಒಳಗಿನ ಹತ್ತೂ ಮಂದಿ ಒಂದೇ ರೀತಿ ಎಣಿಸಿದ್ದರಿಂದ ಹತ್ತು ಸಲವೂ ಅದೇ ತಪ್ಪು ಬಂತು. ವೂಲ್ಫ್ ಮತ್ತು ಆರ್ಚಿ ಹೊಂದದಿರುವುದರ ಬೆಲೆ ಇಲ್ಲಿದೆ. ಆರ್ಚಿ ಯಜಮಾನನನ್ನು ಕೆಣಕುತ್ತಾನೆ, ಅವನ ಊಹೆಗಳನ್ನು ಶಂಕಿಸುತ್ತಾನೆ, ಮೆಚ್ಚಿಸಲು ಮಾತು ತಿದ್ದುವುದಿಲ್ಲ. ಅವನೂ ವೂಲ್ಫನಂತೆಯೇ ಯೋಚಿಸುವವನಾಗಿದ್ದರೆ ವೂಲ್ಫನ ಊಹೆಯೇ ಅವನ ವರದಿಯ ವೇಷದಲ್ಲಿ ಮರಳಿ ಬರುತ್ತಿತ್ತು. ತಾಳಮದ್ದಳೆಯ ರಸಿಕರು ಇದನ್ನು ಬಲ್ಲರು: ವಾಲಿ ಮೋಕ್ಷದಲ್ಲಿ ವಾಲಿಯ ಅರ್ಥಧಾರಿ ಮೆತ್ತಗಾದರೆ ರಾಮನ ಮಾತಿನ ಸತ್ತ್ವ ಎಷ್ಟೆಂದು ತಿಳಿಯುವುದೇ ಇಲ್ಲ.

ಆಪ್ತನೊಬ್ಬ ಸಿಕ್ಕರೆ ಸಾಕೇ? ಸಾಲದು ಎಂಬುದಕ್ಕೆ ಮಹಾಭಾರತದ ಜೋಡಿಯೇ ಸಾಕ್ಷಿ. ಧೃತರಾಷ್ಟ್ರ ಅರಮನೆ ಬಿಟ್ಟು ಕದಲಲಿಲ್ಲ. ಸಂಜಯ ಕಂಡದ್ದನ್ನೆಲ್ಲ ಬಣ್ಣ ಹಚ್ಚದೆ ಹೇಳಿದ. ರಾಜನನ್ನು ಬೈಯುವ ಧೈರ್ಯವೂ ಅವನಿಗಿತ್ತು. ಆದರೂ ರಾಜನಲ್ಲಿ ಅದು ಜ್ಞಾನವಾಗಲಿಲ್ಲ, ಏಕೆಂದರೆ ಮಗನ ಮೇಲಿನ ಮೋಹ ಪ್ರತಿ ಮಾತನ್ನೂ ಬಾಗಿಲಲ್ಲೇ ತಡೆಯಿತು. ಹೇಳುವವನ ಯೋಗ್ಯತೆಯನ್ನು ನಮ್ಮ ಶಾಸ್ತ್ರಗಳು ವಿಸ್ತಾರವಾಗಿ ಚರ್ಚಿಸಿವೆ. ಕೇಳುವವನ ಯೋಗ್ಯತೆಯನ್ನು ಅಧಿಕಾರವೆಂಬ ಹೆಸರಿನಲ್ಲಿ ಹುಟ್ಟಿಗೂ ದೀಕ್ಷೆಗೂ ಬಹಳ ಬೇಗ ಕಟ್ಟಿಹಾಕಿದವು ಎಂದು ನನಗನಿಸುತ್ತದೆ. ಕೇಳುವವನಿಗೆ ಬೇಕಾದದ್ದು ತನಗೆ ಬೇಡದ ಸುದ್ದಿಯನ್ನೂ ಒಳಗೆ ಬಿಟ್ಟುಕೊಳ್ಳುವ ಗುಣ. ವೂಲ್ಫ್‌ಗೆ ಅದಿದೆ.

ಅವನಲ್ಲಿ ಇಲ್ಲದ್ದು ಇನ್ನೊಂದು, ಅಲ್ಲೇ ನಾನು ಅವನ ಕೈಬಿಡುತ್ತೇನೆ. ಬಾಯಿ ಮುಚ್ಚಿದ ಅನ್ನಾಳಿಂದ ಹೇಳಿಕೆ ಪಡೆಯಲು ಅವನ ಕಡೆಯವರು ಸುಳ್ಳು ದರೋಡೆಯ ನಾಟಕ ಹೂಡಿ ಆಕೆಯನ್ನು ಹೆದರಿಸುತ್ತಾರೆ. ಕೊನೆಗೆ ಕೊಲೆಗಾರ ಸಿಕ್ಕಿಬೀಳುವ ಹೊತ್ತಿಗೆ, ಅವನು ತಂದೆಯನ್ನು ವಿಮಾನದಲ್ಲಿ ಕೂರಿಸಿಕೊಂಡು ಹಾರಿ ಇಬ್ಬರೂ ಸಾಯುವಂಥ ದಾರಿಯೊಂದನ್ನು ವೂಲ್ಫ್ ತೆರೆದೇ ಇಡುತ್ತಾನೆ. ವಿಚಾರಣೆ ನಡೆದಿದ್ದರೆ ಅವನು ಮನೆ ಬಿಟ್ಟು ವೈಟ್ ಪ್ಲೇನ್ಸ್ ಊರಿನ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಬೇಕಿತ್ತು. ಅದನ್ನು ತಪ್ಪಿಸಿಕೊಳ್ಳಲೆಂದೇ ಹೀಗೆ ಮಾಡಿದಿರಿ ಎಂದು ಆರ್ಚಿ ಅವನ ಎದುರಿಗೇ ಆಡುತ್ತಾನೆ. ಆರ್ಚಿಯ ಮಾತು ಸರಿ. ತಾನು ತಿಳಿದದ್ದೆಲ್ಲವನ್ನೂ ಮನೆಗೆಲಸದ ಹುಡುಗಿಯವರೆಗೆ ಹತ್ತಾರು ಜನರ ಸಾಕ್ಷಿಯಿಂದ ಪಡೆದವನಿಗೆ, ತನ್ನ ಸರದಿ ಬಂದಾಗ ಎದ್ದು ಹೋಗಿ ಕಟಕಟೆಯಲ್ಲಿ ನಿಂತು ಹೇಳುವ ಋಣವಿತ್ತು. ಅದನ್ನು ತೀರಿಸದೆ ಅವನು ತನ್ನ ಆರ್ಕಿಡ್‌ಗಳ ನಡುವೆಯೇ ಉಳಿದ.