ಮೌನವೂ ಅಭಾವವೂ

ಮನೆಯ ಗಣಕಯಂತ್ರದಲ್ಲಿ ಜಾಲತಾಣವೊಂದರ ಹೆಸರನ್ನು ಬರೆದೊಡನೆ, ಆ ಹೆಸರಿಗೆ ಸಲ್ಲುವ ಅಂಕಿಯ ವಿಳಾಸ ಯಾವುದೆಂಬ ಪ್ರಶ್ನೆಯು ರೌಟರಿನ ಮೂಲಕ ಹೊರಟು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ವ್ಯವಸ್ಥೆಯ ಸರ್ವರೊಂದನ್ನು ಸೇರಿ, ಕ್ಷಣಾರ್ಧದಲ್ಲಿ ಉತ್ತರವನ್ನು ತರುವುದು ವಾಡಿಕೆ. ಪುಟವು ಕೆಲವು ಸೆಕೆಂಡುಗಳ ಕಾಲ ತೆರೆಯದೆ ನಿಂತು, ಬಳಿಕ ಸರಾಗವಾಗಿ ತೆರೆದುಕೊಳ್ಳುವುದಾದರೆ, ದೋಷವು ಬಹುಮಟ್ಟಿಗೆ ಈ ಹೆಸರಿನ ವಿಚಾರಣೆಯಲ್ಲಿಯೇ ಇರುತ್ತದೆ. ಅದನ್ನು ನಿಶ್ಚಯಿಸುವ ಮಾರ್ಗ ನಮ್ಮ ತಾರ್ಕಿಕರಿಗೆ ಚಿರಪರಿಚಿತವಾದ ಅನ್ವಯವ್ಯತಿರೇಕವೇ: ಅಂಕಿಯ ವಿಳಾಸಕ್ಕೆ ನೇರವಾಗಿ ಪಿಂಗ್ ಮಾಡಿದರೆ ವಿಳಂಬವಿಲ್ಲ, ಹೆಸರನ್ನು ಕೊಟ್ಟರೆ ವಿಳಂಬವುಂಟು, ರೌಟರು ಹಂಚುವ ಪಟ್ಟಿಯಲ್ಲಿರುವ ಸರ್ವರುಗಳನ್ನು ಡಿಗ್ ಎಂಬ ಸಾಧನದಿಂದ ಒಂದೊಂದಾಗಿ ಕೇಳಿದರೆ, ಎರಡನೆಯದು ಒಡನೆ ಉತ್ತರಿಸುತ್ತದೆ, ಮೊದಲನೆಯದು ನಿರುತ್ತರ. ಲಿನಕ್ಸ್ ಗಣಕವು ಸಾಮಾನ್ಯವಾಗಿ ಮೊದಲನೆಯದಕ್ಕಾಗಿ 5 ಸೆಕೆಂಡು ಕಾದು, ಅನಂತರವೇ ಎರಡನೆಯದರತ್ತ ತಿರುಗುವುದು. ಆ ನಿಷ್ಕ್ರಿಯ ವಿಳಾಸವನ್ನು ಪಟ್ಟಿಯಿಂದ ತೆಗೆದರೆ ವಿಳಂಬವೂ ತೊಲಗುವುದು.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಕೇಳಿದ ಹೆಸರೇ ಇಲ್ಲವೆಂದು ಸರ್ವರು ತಿಳಿಸಿದರೆ ಗಣಕವು ಕಾಯುವುದಿಲ್ಲ. ‘ಇಲ್ಲ’ ಎಂಬುದೂ ಪೂರ್ಣವಾದ ಉತ್ತರವಾದುದರಿಂದ, ಅದನ್ನೂ ಕೆಲಕಾಲ ಸಂಗ್ರಹಿಸಿಡತಕ್ಕದ್ದೆಂದು 1998ರಲ್ಲಿ ನಿಯಮವಾಯಿತು. ಕಾಯಿಸುವುದು ಮೌನ. ಈ ಪ್ರಶ್ನೋತ್ತರಗಳನ್ನು ಸಾಮಾನ್ಯವಾಗಿ ಒಯ್ಯುವ ಯುಡಿಪಿ ವಿಧಾನದಲ್ಲಿ ತಲಪುವ ಭರವಸೆಯಿಲ್ಲದಿರುವುದರಿಂದ, ಪ್ರಶ್ನೆಯೇ ದಾರಿಯಲ್ಲಿ ಕಳೆದಿರಬಹುದು, ಸರ್ವರು ನಿಂತಿರಬಹುದು, ಉತ್ತರವು ಹೊರಟೂ ತಲಪದಿರಬಹುದು; ಇವುಗಳಲ್ಲಿ ಯಾವುದು ನಿಜವೆಂಬುದನ್ನು ಮೌನವು ಹೇಳದು.

ಇದೇ ವಿವೇಕವು ನಮ್ಮ ದಾರ್ಶನಿಕರಲ್ಲಿಯೂ ಉಂಟು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದು ಅಂಗೀಕರಿಸಿದರು. ಆದರೂ ಕಾಣದ ಮಾತ್ರಕ್ಕೆ ಇಲ್ಲವೆನ್ನಲು ಅವರು ಎಡೆಗೊಡಲಿಲ್ಲ. ಬೆಳಕಿರುವ ನೆಲದ ಮೇಲೆ ಗಡಿಗೆ ಇದ್ದಿದ್ದರೆ ಕಾಣಲೇಬೇಕಾಗಿದ್ದಿತು, ಕಾಣಲಿಲ್ಲ, ಆದುದರಿಂದ ಇಲ್ಲ. ಕತ್ತಲೆಯಲ್ಲಿ ಕಾಣದಿರುವುದರಿಂದ ಏನೂ ಸಿದ್ಧಿಸದು. ಧರ್ಮರಾಜಾಧ್ವರೀಂದ್ರನ ‘ವೇದಾಂತಪರಿಭಾಷೆ’ಯು, ಇದ್ದಿದ್ದರೆ ಕಾಣಲೇಬೇಕಾಗಿದ್ದಿತೆಂಬ ಈ ಯೋಗ್ಯತೆಯ ನಿಬಂಧನೆಯನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತದೆ. ಅಭಾವದ ಜ್ಞಾನ ಬೇರೆ, ಜ್ಞಾನದ ಅಭಾವ ಬೇರೆ.

ಪ್ರಾರ್ಥಿಸಿದೆನು, ಉತ್ತರ ಬರಲಿಲ್ಲ, ಆದುದರಿಂದ ದೇವರಿಲ್ಲವೆಂಬ ನಿರಾಶನ ವಾದವೂ, ಅದೇ ಮೌನವನ್ನು ದೈವಸಮ್ಮತಿಯೆಂದು ಬಗೆಯುವ ಭಕ್ತನ ಸಮಾಧಾನವೂ, ಈ ಭೇದವನ್ನು ಮರೆತುದರ ಫಲಗಳು. ಉತ್ತರವು ಬಂದಿದ್ದರೆ ಅದನ್ನು ಗ್ರಹಿಸುವ ಯೋಗ್ಯತೆ ನನ್ನಲ್ಲಿದ್ದಿತೆ ಎಂದು ಇಬ್ಬರೂ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಬಾಳು ನಮಗಾಗಿ ಕಾದು ನಿಲ್ಲದಾದುದರಿಂದ, ಗಣಕದಂತೆ ಮನುಷ್ಯನೂ ಒಂದು ಗಡುವಿನಾಚೆಗೆ ಮುಂದೆ ಸಾಗಲೇಬೇಕು, ಸಾಗುವುದು ತಪ್ಪಲ್ಲ. ಆದರೆ ಅದು ವ್ಯವಹಾರದ ನಿರ್ಣಯವೇ ಹೊರತು ತತ್ತ್ವದ ನಿರ್ಣಯವಲ್ಲ. ಗಡುವು ಮುಗಿದುದನ್ನೇ ಪ್ರಮಾಣವೆಂದು ಸಾರುವ ಅಧಿಕಾರ ನಾಸ್ತಿಕನಿಗೂ ಇಲ್ಲ, ಆಸ್ತಿಕನಿಗೂ ಇಲ್ಲ.