ಇಲಿಯ ಪ್ರಾಣ, ಹಕ್ಕಿಯ ಪ್ರಾಣ

ಒಂದು ಜೀವವನ್ನು ಉಳಿಸುವುದಕ್ಕಾಗಿ ಇನ್ನೊಂದು ಜೀವವನ್ನು ಕೊಲ್ಲಬಹುದೆ? ಈ ಪ್ರಶ್ನೆ ಬಹಳ ಹಳೆಯದು. ಶಿಬಿ ಚಕ್ರವರ್ತಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಅದಕ್ಕೆ ಸಿದ್ಧವಾದ ಉತ್ತರವೂ ಉಂಟು. ಶರಣು ಬಂದ ಪಾರಿವಾಳವನ್ನು ಬಿಟ್ಟುಕೊಡಬಾರದು. ಹಸಿದ ಗಿಡುಗನನ್ನೂ ಸಾಯಿಸಬಾರದು. ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಬೇಕು. ಉತ್ತರ ಉದಾತ್ತವಾದದ್ದು. ಆದರೆ ಆ ತಕ್ಕಡಿಯಲ್ಲಿ ಸುಲಭವಾಗಿ ತೂಗಲಾಗದ ಸಂದರ್ಭಗಳೂ ಲೋಕದಲ್ಲಿ ಇವೆ. ಅಂಥದೊಂದನ್ನು ವಾಚಕರ ಮುಂದಿಟ್ಟು, ಅದರ ಧರ್ಮಾಧರ್ಮಗಳನ್ನು ವಿಚಾರ ಮಾಡಬೇಕೆಂದು ನನ್ನ ಅಪೇಕ್ಷೆ.

ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ, ನಡುಗಡಲಿನಲ್ಲಿ, ಲಾರ್ಡ್ ಹೌ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತಾರ 15 ಚದರ ಕಿಲೋಮೀಟರಿಗೂ ಕಡಿಮೆ. ಅಲ್ಲಿ ನೆಲಸಿರುವ ಜನ 350ರ ಆಸುಪಾಸು. 1788ರಲ್ಲಿ ಬ್ರಿಟಿಷ್ ಹಡಗೊಂದರ ಕಣ್ಣಿಗೆ ಬೀಳುವವರೆಗೆ ಅಲ್ಲಿ ಮನುಷ್ಯನ ಸುಳಿವೇ ಇರಲಿಲ್ಲ. ಜನ ಮನೆ ಕಟ್ಟಿಕೊಂಡು ನಿಂತದ್ದು 1834ರಲ್ಲಿ. ಬಾವಲಿಗಳನ್ನು ಬಿಟ್ಟರೆ ಮೊಲೆಯೂಡಿಸುವ ಪ್ರಾಣಿಯೊಂದೂ ನೆಲದ ಮೇಲೆ ಇಲ್ಲದಿದ್ದ ಆ ದ್ವೀಪದಲ್ಲಿ ಹಕ್ಕಿಗಳು ಭಯವನ್ನೇ ಅರಿಯದೆ ಬಾಳಿದ್ದವು. ವುಡ್‌ಹೆನ್ ಎಂಬ ಹಕ್ಕಿಯಂತೂ ಹಾರುವುದನ್ನೇ ಮರೆತು ನೆಲದ ಮೇಲೆ ಓಡಾಡಿಕೊಂಡಿತ್ತು. ಹಾರಿ ತಪ್ಪಿಸಿಕೊಳ್ಳಬೇಕಾದ ಶತ್ರುವೇ ಇಲ್ಲದ ಮೇಲೆ ರೆಕ್ಕೆಯ ಶ್ರಮವಾದರೂ ಏತಕ್ಕೆ?

1918ರ ಜೂನ್ ತಿಂಗಳಲ್ಲಿ ಮಕಾಂಬೊ ಎಂಬ ಹಡಗು ಅಲ್ಲಿನ ಬಂಡೆಗೆ ತಗುಲಿ ಒಡೆಯಿತು. ಅದನ್ನು ದಡಕ್ಕೆ ಎಳೆದು ದುರಸ್ತಿ ಮಾಡುತ್ತಿದ್ದ ದಿನಗಳಲ್ಲಿ ಹಡಗಿನ ಇಲಿಗಳು ನೆಲಕ್ಕಿಳಿದವು. ಅಷ್ಟೇ ನಡೆದದ್ದು. ಯಾರೂ ಕೇಡು ಬಗೆಯಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಐದು ಬಗೆಯ ಹಕ್ಕಿಗಳು ನಿರ್ನಾಮವಾದವು. ಅಂಗೈಯಗಲದ ಒಂದು ಕಡ್ಡಿಹುಳುವಿತ್ತು, ಅದೂ ಕಾಣೆಯಾಯಿತು. 2001ರಲ್ಲಿ, ದ್ವೀಪದಿಂದ ಸುಮಾರು 23 ಕಿಲೋಮೀಟರ್ ದೂರದಲ್ಲಿ ಕಡಲಿನೊಳಗಿಂದ ಸೂಜಿಯಂತೆ ಎದ್ದ ಬಾಲ್ಸ್ ಪಿರಮಿಡ್ ಎಂಬ ಬಂಡೆಯ ಮೇಲೆ, ಪೊದೆಗಳ ಆಸರೆಯಲ್ಲಿ, ಆ ಹುಳುಗಳು 24 ಉಳಿದಿದ್ದುದು ಕಂಡುಬಂತು. ಒಂದು ಇಡೀ ಕುಲದ ಅಳಿವು ಉಳಿವು ಅಷ್ಟು ಜೀವಗಳ ಮೇಲೆ ನಿಂತಿತ್ತು.

ದ್ವೀಪದ ಜನ ಕೈಕಟ್ಟಿ ಕುಳಿತಿರಲಿಲ್ಲ. ಇಲಿಯ ಬಾಲ ತಂದವರಿಗೆ ಹಣ ಕೊಟ್ಟರು. ಹೊರಗಿನಿಂದ ಗೂಬೆಗಳನ್ನು ತಂದು ಬಿಟ್ಟರು. ಗೂಬೆಗಳು ಇಲಿಗಳ ಜೊತೆಗೆ ಊರಿನ ಹಕ್ಕಿಗಳನ್ನೂ ತಿಂದವು. ವರ್ಷವರ್ಷವೂ ವಿಷವಿಟ್ಟರು, ವರ್ಷವರ್ಷವೂ ಇಲಿಗಳು ಸತ್ತವು, ಮತ್ತೆ ಹುಟ್ಟಿದವು. ಕೊನೆಗೆ ತಜ್ಞರು ಹೇಳಿದರು: ಇಲಿಗಳನ್ನು ಕಡಿಮೆ ಮಾಡಿ ಪ್ರಯೋಜನವಿಲ್ಲ, ಒಂದೂ ಉಳಿಯದಂತೆ ಒಂದೇ ಸಲಕ್ಕೆ ಮುಗಿಸಬೇಕು. 2019ರಲ್ಲಿ ಹಾಗೆಯೇ ಮಾಡಿದರು. ಬೆಟ್ಟಗಳ ಮೇಲೆ ಹೆಲಿಕಾಪ್ಟರಿನಿಂದ, ಊರಿನಲ್ಲಿ ಮನೆಮನೆಯ ಮೂಲೆಯಲ್ಲಿ ಕೈಯಿಂದಲೇ ವಿಷದ ಕಾಳನ್ನು ಹರಡಿದರು. ಅದಕ್ಕೆ ಮೊದಲು ಸಿಡ್ನಿಯ ಟರೊಂಗಾ ಮೃಗಾಲಯದವರು ಬಂದು, ಇನ್ನೂರಕ್ಕೂ ಹೆಚ್ಚು ವುಡ್‌ಹೆನ್‌ಗಳನ್ನು ಹಿಡಿದು ತಿಂಗಳುಗಟ್ಟಲೆ ಬೇಲಿಯೊಳಗೆ ಸಾಕಿದರು. ಹಾಗೆ ಸತ್ತ ಇಲಿ-ಚಿಟ್ಟಿಲಿಗಳು ಮೂರು ಲಕ್ಷದಷ್ಟು ಇರಬಹುದೆಂದು ಅಂದಾಜು.

ಮೂರು ಲಕ್ಷ ಜೀವ! ಈ ಸಂಖ್ಯೆಯ ಮುಂದೆ ನಮ್ಮ ಮನಸ್ಸು ಒಂದು ಕ್ಷಣ ತಡೆಯದೆ ಇರದು; ತಡೆಯಲೂ ಬೇಕು. ಆ ವಿಷ ರಕ್ತವನ್ನು ಹೆಪ್ಪುಗಟ್ಟಗೊಡದು. ತಿಂದ ಪ್ರಾಣಿ ಕೆಲವು ದಿನ ಬದುಕಿದ್ದು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಆ ಇಲಿಗಳ ಅಪರಾಧವೇನು? ಅವು ಟಿಕೇಟು ಕೊಂಡು ಹಡಗು ಹತ್ತಿದವಲ್ಲ. ಹಸಿವಾದಾಗ ತಿನ್ನುವುದು ಅವುಗಳ ಧರ್ಮ. ಅದನ್ನೇ ಅವು ಮಾಡಿದವು.

ಕನ್ನಡ ಪಾಠ ಹೇಳುವವನಾದ ನನಗೆ ಇಲ್ಲಿ ಜನ್ನನ 'ಯಶೋಧರ ಚರಿತೆ' ನೆನಪಾಗದೆ ಇರುವುದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ರಾಜನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಕೈ ಕೊಲ್ಲದಿದ್ದರೂ ಸಂಕಲ್ಪ ಕೊಂದಿತ್ತು. ಸಂಕಲ್ಪಹಿಂಸೆಯೇ ಇಷ್ಟು ಘೋರವಾದರೆ, ನಿಜವಾದ ಪ್ರಾಣಿಗಳಿಗೆ ತಿಳಿದು ತಿಳಿದೂ ವಿಷವಿಡುವುದಕ್ಕೆ ಏನೆನ್ನಬೇಕು? 1928ರಲ್ಲಿ ಸಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಮರಣವನ್ನು ಕೊಡಿಸಿದಾಗ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಆದರೆ ಆ ಸಾವು ಕರುವಿನ ಹಿತಕ್ಕಾಗಿಯೇ ಆದದ್ದು. ಇಲಿಯ ಸಾವಿನಿಂದ ಇಲಿಗೆ ಯಾವ ಹಿತವೂ ಇಲ್ಲ. ಆದ್ದರಿಂದ ಆ ನೆರಳಿನಲ್ಲಿಯೂ ನಾವು ನಿಲ್ಲುವಂತಿಲ್ಲ.

ಹಾಗಾದರೆ ಸುಮ್ಮನಿದ್ದುಬಿಡುವುದು ಅಹಿಂಸೆಯೆ? ಹಾಗೆಂದು ನನಗೆ ತೋರುವುದಿಲ್ಲ. ಮನೆಯ ಯಜಮಾನ ಬಾಗಿಲನ್ನು ತೆರೆದಿಟ್ಟು ಹೋದದ್ದರಿಂದ ನಾಯಿ ಒಳಹೊಕ್ಕು ತೊಟ್ಟಿಲ ಮಗುವನ್ನು ಕಚ್ಚುತ್ತಿದೆಯೆಂದು ಇಟ್ಟುಕೊಳ್ಳಿ. ನಾಯಿ ನಿರಪರಾಧಿ, ನಾನು ಕೋಲೆತ್ತಲಾರೆ ಎಂದು ಅವನು ಹೇಳಿದರೆ ಅದು ದಯೆಯಾಗದು. ತೆರೆದ ಬಾಗಿಲಿನ ಹೊಣೆಯಿಂದ ನುಣುಚಿಕೊಳ್ಳುವ ಉಪಾಯವಾದೀತು. ಲಾರ್ಡ್ ಹೌ ದ್ವೀಪದಲ್ಲಿ ಪ್ರಕೃತಿ ತನ್ನಷ್ಟಕ್ಕೆ ತಾನು ನಡೆಯುತ್ತಿರಲಿಲ್ಲ. ಮನುಷ್ಯನ ಹಡಗು ಆರಂಭಿಸಿದ ಕೊಲೆ ನೂರು ವರ್ಷ ಮುಂದುವರಿಯುತ್ತಿತ್ತು. ಅದನ್ನು ನಿಲ್ಲಿಸದವನೂ ಅದರಲ್ಲಿ ಪಾಲುದಾರನೇ.

ಇನ್ನೊಂದು ಲೆಕ್ಕವೂ ಉಂಟು. ವರ್ಷವರ್ಷವೂ ಅಷ್ಟಿಷ್ಟು ಇಲಿಗಳನ್ನು ಕೊಲ್ಲುತ್ತ ಹೋಗುವ ಪದ್ಧತಿಯಲ್ಲಿ ಕೊಲ್ಲುವುದಕ್ಕೆ ಕೊನೆಯೆಂಬುದೇ ಇಲ್ಲ. ಅದು ನೋಡುವುದಕ್ಕೆ ಮೃದು, ಮೊತ್ತದಲ್ಲಿ ಹೆಚ್ಚು ಕ್ರೂರ. ಕೊಲ್ಲಲೇಬೇಕಾದರೆ, ಮತ್ತೆ ಕೊಲ್ಲುವ ಪ್ರಸಂಗ ಬಾರದಂತೆ ಒಮ್ಮೆಗೆ ಮುಗಿಸುವುದೇ ಕಡಿಮೆ ಪಾಪದ ದಾರಿ.

ಆದರೂ ಇಲ್ಲಿ ಒಂದು ಎಚ್ಚರ ಬೇಕು. ಇಲಿಯ ವಿಷಯದಲ್ಲಿ ನಾವು ಇಷ್ಟು ಬೇಗ ಒಪ್ಪಿಬಿಡುವುದು ಅದು ಇಲಿಯಾದ್ದರಿಂದಲೊ? ನಮ್ಮ ಅಂಡಮಾನ್ ದ್ವೀಪಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಚುಕ್ಕೆ ಜಿಂಕೆಗಳಿವೆ. ಹುಲಿ ಚಿರತೆಗಳಿಲ್ಲದ ಆ ನೆಲದಲ್ಲಿ ಅವು ಬೆಳೆದು ಹರಡಿ, ಕಾಡಿನ ಎಳೆಯ ಸಸಿಗಳನ್ನು ಮೇಯುತ್ತವೆ. ಹಳೆಯ ಮರ ಬಿದ್ದರೆ ಹೊಸದು ಏಳದಂತಾಗುತ್ತದೆ. ಇಲಿಗೆ ವಿಷವಿಡಲು ತಲೆಯಾಡಿಸುವ ನಾವು ಜಿಂಕೆಯ ಮಾತು ಬಂದೊಡನೆ ಕಣ್ಣೊರೆಸಿಕೊಳ್ಳುತ್ತೇವೆ. ಹಾಗಾದರೆ ನಮ್ಮ ದಯೆ ಧರ್ಮವನ್ನು ಅನುಸರಿಸುತ್ತಿದೆಯೊ, ಚೆಲುವನ್ನೊ? ಜಿಂಕೆಯ ಸಾವಿಗೆ ಮರುಗುವಷ್ಟೇ ಇಲಿಯ ಸಾವಿಗೂ ಮರುಗುವವನಿಗೆ ಮಾತ್ರ ಈ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವಿದೆ ಎಂದು ನನ್ನ ಭಾವನೆ. ಮೂಲನಿವಾಸಿ, ಹೊರಗಿನವನು, ಆಕ್ರಮಣಕಾರಿ ಎಂಬ ಮಾತುಗಳನ್ನು ಬಳಸುವಾಗಲೂ ಇದೇ ಎಚ್ಚರವಿರಬೇಕು. ಆ ದ್ವೀಪದಲ್ಲಿ ಮನುಷ್ಯನೂ ಹೊರಗಿನಿಂದ ಬಂದವನೇ. ಪ್ರಾಣಿಗಳ ಲೆಕ್ಕಕ್ಕೆಂದು ಮಾಡಿಕೊಂಡ ಪದಗಳನ್ನು ನೆರೆಮನೆಯವನ ಮೇಲೆ ತಿರುಗಿಸುವ ಚಪಲ ಎಲ್ಲ ಊರುಗಳಲ್ಲಿಯೂ ಉಂಟು.

ಇನ್ನು, ತೀರ್ಮಾನ ಯಾರದು? 2015ರಲ್ಲಿ ದ್ವೀಪದ ಜನರ ಅಭಿಪ್ರಾಯವನ್ನು ಕೇಳಿದಾಗ ಇಲಿಗಳ ನಿರ್ಮೂಲನಕ್ಕೆ ಒಪ್ಪಿದವರು ನೂರಕ್ಕೆ 52 ಮಂದಿ. ಉಳಿದವರು ಇಲಿಯ ಪಕ್ಷಪಾತಿಗಳೇನಲ್ಲ. ಮಕ್ಕಳ ಕೈಗೆ ವಿಷ ಸಿಕ್ಕೀತೆಂದು, ಬೇರೆ ಹಕ್ಕಿಗಳೂ ಸತ್ತಾವೆಂದು, ಬರುವ ಪ್ರವಾಸಿಗರು ನಿಂತಾರೆಂದು ಅವರಿಗೆ ಅಂಜಿಕೆಯಿತ್ತು. ಆ ಅಂಜಿಕೆ ಬರಿಯ ಭ್ರಮೆಯೂ ಆಗಿರಲಿಲ್ಲ. ಬೇಲಿಯ ಹೊರಗೆ ಉಳಿದ ಹಕ್ಕಿಗಳಲ್ಲಿ ಕೆಲವು ವಿಷಕ್ಕೆ ತುತ್ತಾದವು. ಚುನಾವಣೆಯಲ್ಲಿ 52 ಎಂದರೆ ಜಯ. ಆದರೆ ಈ ಕೆಲಸದಲ್ಲಿ 52ಕ್ಕೆ ಏನೂ ಬೆಲೆಯಿಲ್ಲ. ಒಂದು ಮನೆಯವರು ಬಾಗಿಲು ಹಾಕಿಕೊಂಡು, ಅವರ ಅಟ್ಟದಲ್ಲಿ ಒಂದು ಬಸುರಿ ಇಲಿ ಉಳಿದರೂ ಎಲ್ಲ ಪ್ರಯತ್ನವೂ ನೀರಿನಲ್ಲಿ ಹೋಮವಾಗುತ್ತದೆ. ಸತ್ತ ಅಷ್ಟು ಜೀವಗಳೂ ವ್ಯರ್ಥವಾಗಿ ಸತ್ತಂತಾಗುತ್ತದೆ. ಆದ್ದರಿಂದ ಗೆದ್ದವರು ಸೋತವರ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಬೇಕು. ಅವರ ಅಂಜಿಕೆಗೆ ಉತ್ತರ ಕೊಡಬೇಕು. ಇಂಥ ಕಾರ್ಯಗಳಲ್ಲಿ ಸಹಕಾರವೆಂಬುದು ಸಭೆಯ ಭಾಷಣದ ಅಲಂಕಾರವಾಗಿ ಉಳಿಯುವುದಿಲ್ಲ. ಅದಿಲ್ಲದೆ ಕೆಲಸವೇ ಸಾಗದು.

2021ರಲ್ಲಿ ದ್ವೀಪದಲ್ಲಿ ಮತ್ತೆ ಇಲಿಗಳು ಕಂಡವು. ನಾಯಿಗಳ ಮೂಗನ್ನು ನಂಬಿ, ಮೂಲೆಮೂಲೆ ಹುಡುಕಿ, ಅವುಗಳನ್ನೂ ಮುಗಿಸಿದರು. ಇಂದಿಗೂ ಹಡಗಿನಿಂದ, ವಿಮಾನದಿಂದ ಇಳಿಯುವ ಸರಕಿನ ಮೇಲೆ ಕಣ್ಣಿಟ್ಟಿರಬೇಕಾಗಿದೆ. 1970ರ ದಶಕದ ಕೊನೆಗೆ 30ರ ಆಸುಪಾಸಿಗೆ ಇಳಿದಿದ್ದ ವುಡ್‌ಹೆನ್‌ಗಳು ಈಗ ನೂರುಗಟ್ಟಲೆಯಾಗಿ ಬೆಳೆದು, ಮನೆಗಳ ಅಂಗಳದಲ್ಲಿ ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿವೆ.

ಫಲ ಒಳ್ಳೆಯದಾಯಿತೆಂದು ಕೊಂದದ್ದು ಪುಣ್ಯವಾಯಿತೆಂದು ನಾನು ಹೇಳಲಾರೆ. ಕೊಲೆ ಕೊಲೆಯೇ. ಯಾವ ನಿಬಂಧನೆಗಳ ಮೇಲೆ ಮನುಷ್ಯ ಆ ಭಾರವನ್ನು ಹೊರಬಹುದು ಎಂಬಷ್ಟನ್ನು ಮಾತ್ರ ಇಲ್ಲಿಂದ ಕಲಿಯಬಹುದು. ಕೇಡು ತನ್ನ ಕೈಯಿಂದಲೇ ಬಂದಿರಬೇಕು, ಬೇರೆ ದಾರಿಗಳನ್ನು ಪ್ರಾಮಾಣಿಕವಾಗಿ ತುಳಿದು ನೋಡಿರಬೇಕು, ಕೊಲ್ಲುವುದಕ್ಕೆ ಒಂದು ಕೊನೆಯಿರಬೇಕು, ಕೊಲ್ಲುವಾಗ ದ್ವೇಷವಿರಬಾರದು, ಮುಂದಿನ ಕಾವಲನ್ನು ತಾನೇ ಹೊರಬೇಕು. ದ್ವೀಪದ ಜನ ತಮ್ಮ ಕೋಳಿಗಳನ್ನು ಬಿಟ್ಟುಕೊಟ್ಟರು. ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಒಪ್ಪದವರೂ ಮನೆಯ ಬಾಗಿಲನ್ನು ತೆರೆದರು. ಶಿಬಿ ತಕ್ಕಡಿಗಿಟ್ಟ ಮಾಂಸಕ್ಕೆ ಇದು ಸಮವೆಂದು ಯಾರೂ ಹೇಳಬೇಕಾಗಿಲ್ಲ. ಆದರೂ ತಕ್ಕಡಿಗೆ ತಮ್ಮದನ್ನೂ ಒಂದಿಷ್ಟು ಹಾಕಿದವರು ಅವರು. ತಮ್ಮದೇನನ್ನೂ ಹಾಕದೆ ಪರರ ಪ್ರಾಣವನ್ನೇ ತೂಗುವವರು ಹಕ್ಕಿಯ ಹೆಸರನ್ನು ಹೇಳಿದರೂ ಕೊಲೆಗಾರರೇ.